ಗುರುವಾರ ಸಂಜೆಯ ರಾಹುಕಾಲ

ನಾನು ಕೆಲಸ ಮಾಡುವ ಶೆಡ್ಡು ಪಾಂಡವಪುರದಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿದೆ. ತಗಡು ಒತ್ತಿ ಬಾಗಿಲ ಕೀಲು, ಟ್ರೇಲರಿನ ಕೊಂಡಿ, ಪೈಪು ಹಿಡಿಯುವ ಕ್ಲಾಂಪು ಇಂಥವನ್ನು ಮಾಡುತ್ತೇವೆ. ಸಣ್ಣಪುಟ್ಟ ಯಂತ್ರಗಳು ನಾಲ್ಕಾರಿದ್ದರೂ ಶೆಡ್ಡು ನಡೆಯುವುದು ಒಂದೇ ಒಂದು ಪವರ್ ಪ್ರೆಸ್ಸಿನಿಂದ. ಅದಕ್ಕೆ ಕೀಲಿನ ಅಚ್ಚು ಕೂರಿಸಿದರೆ ಕೀಲು ಬೀಳುತ್ತದೆ, ಕ್ಲಾಂಪಿನ ಅಚ್ಚು ಕೂರಿಸಿದರೆ ಕ್ಲಾಂಪು. ಅಚ್ಚಿಗೆ ನಾವು ಡೈ ಅನ್ನುತ್ತೇವೆ. ಒಂದು ಡೈ ಇಳಿಸಿ, ಇನ್ನೊಂದು ಏರಿಸಿ, ಅದರಿಂದ ಸರಿಯಾದ ಮಾಲು ಬೀಳುವ ತನಕ ಹಿಡಿಯುವ ಹೊತ್ತಿಗೆ ಸೆಟ್ಟಿಂಗ್ ಟೈಮು ಎಂದು ಹೆಸರು. ಆ ಹೊತ್ತನ್ನು ಇಳಿಸಲು ನಾನು ಸೊಂಟ ಕಟ್ಟಿ ನಿಂತ ಕಥೆ ಇದು. ಹೇಳಿಕೊಳ್ಳುವಂಥದ್ದೇನಲ್ಲ, ಆದರೂ ಹೇಳುತ್ತೇನೆ.

ನಾನು ಅಲ್ಲಿನ ಸೂಪರ್‌ವೈಸರ್. ವಯಸ್ಸು ನಲವತ್ತಾರು. ಓದಿದ್ದು ಡಿಪ್ಲೊಮಾ, ಎಷ್ಟು ವಿಷಯದಲ್ಲಿ ಪಾಸಾದೆ ಎಂದು ಯಾರೂ ಕೇಳಿಲ್ಲವಾದ್ದರಿಂದ ನಾನೂ ಹೇಳಿಲ್ಲ. ನನ್ನ ಊರು ಶೆಡ್ಡಿನಿಂದ ನಾಲ್ಕು ಕಿಲೋಮೀಟರ್, ನಾಲೆಯ ಪಕ್ಕದಲ್ಲಿ. ಅಲ್ಲಿ ಒಂದಿಷ್ಟು ಗದ್ದೆ ಇದೆ, ಒಂದು ಸೀಮೆಹಸು ಇದೆ. ಆ ಹಸು ನನ್ನ ಕೈಗಲ್ಲದೆ ಬೇರೆಯವರ ಕೈಗೆ ಸೊರ ಬಿಟ್ಟು ಹಾಲಿಳಿಸುವುದಿಲ್ಲ. ಹೆಂಡತಿ ತಂಬಿಗೆ ಹಿಡಿದು ಹತ್ತಿರ ಹೋದರೆ ಒದೆಯುತ್ತದೆ. ನಾಲ್ಕು ಜನರ ಮುಂದೆ ಇದನ್ನು ಕಷ್ಟವೆಂದು ಹೇಳಿಕೊಳ್ಳುತ್ತಿದ್ದೆನಾದರೂ ಒಳಗೊಳಗೆ ಭಾರಿ ಹೆಮ್ಮೆ. ನಾನು ಹೇಳಿದಂತೆ ಕೇಳುವ ಜೀವ ಈ ಭೂಮಿಯ ಮೇಲೆ ಅದೊಂದೇ ಇತ್ತು.

ಹಾಗಾಗಿ ದಿನಾ ಸಂಜೆ ನಾಲ್ಕೂವರೆಗೆ ಮೊಪೆಡ್ ಹತ್ತಿ ಊರಿಗೆ ಹೋಗಿ, ಹಾಲು ಕರೆದು, ಡೈರಿಗೆ ಹಾಕಿ ವಾಪಸು ಬರುತ್ತಿದ್ದೆ. ಹೋಗುವಾಗ "ಇಪ್ಪತ್ತು ನಿಮಿಷ, ಇಲ್ಲೇ ಬಂದೆ" ಎನ್ನುತ್ತಿದ್ದೆ. ಡೈರಿ ಮುಂದೆ ಸಾಲು ಇರುತ್ತದೆ, ಸಾಲಿನಲ್ಲಿ ಮಾತಿರುತ್ತದೆ, ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳಿರುತ್ತವೆ. ಶೆಡ್ಡಿಗೆ ಮರಳುವಾಗ ಐದೂಮುಕ್ಕಾಲು ಆಗಿರುತ್ತಿತ್ತು. ನನ್ನ ಲೆಕ್ಕದಲ್ಲಿ ಮಾತ್ರ ಅದು ಇಪ್ಪತ್ತು ನಿಮಿಷವೇ. ಮಾಲೀಕರು ಬೆಳಗಿನ ಹೊತ್ತು ಶೆಡ್ಡಿನಲ್ಲಿದ್ದು ಮಧ್ಯಾಹ್ನದ ಮೇಲೆ ಮೈಸೂರಿಗೋ ತೋಟಕ್ಕೋ ಹೋಗಿಬಿಡುವುದರಿಂದ ಅವರಿಗೆ ಇದು ಗೊತ್ತಿರಲಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು. ಯಾರೂ ಹೇಳಿರಲಿಲ್ಲ.

ಡೈ ಕಟ್ಟುವವರು, ಅಂದರೆ ಅದನ್ನು ಇಳಿಸಿ ಏರಿಸಿ ಬಿಗಿಯುವವರು, ನಾಗಮಂಗಲದ ಕಡೆಯ ಆಚಾರ್ರು. ಅವರ ತಾತ, ಅಪ್ಪ ಎಲ್ಲ ಕುಲುಮೆ ಊದಿದವರು. ಇವರು ಚಿಕ್ಕ ವಯಸ್ಸಿನಲ್ಲೇ ಕಾರ್ಖಾನೆ ಸೇರಿ, ಅಲ್ಲಿಲ್ಲಿ ಸುತ್ತಿ, ಕೊನೆಗೆ ನಮ್ಮಲ್ಲಿಗೆ ಬಂದು ಹದಿನೈದು ವರ್ಷದ ಮೇಲಾಗಿತ್ತು. ಅರವತ್ತು ದಾಟಿದವರು. ಮಾತು ಕಡಿಮೆ. ನಾನು ಅವರನ್ನು ಆಚಾರ್ರೇ ಅನ್ನುತ್ತಿದ್ದೆ, ಅವರು ನನ್ನನ್ನು ಮನಸ್ಸು ಸರಿಯಿದ್ದಾಗ "ಏನ್ಲಾ" ಎಂದೂ ಸರಿಯಿಲ್ಲದಾಗ "ಏನಪ್ಪ" ಎಂದೂ ಕರೆಯುತ್ತಿದ್ದರು. ಹೊಸ ಡೈ ಪ್ರೆಸ್ಸಿಗೆ ಏರುವ ಮುಂಚೆ ಅದಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ಪದ್ಧತಿ. ಇದನ್ನು ನೋಡಿ ನೋಡಿ, ಇವರು ಮೂಢನಂಬಿಕೆಯ ಮನುಷ್ಯ ಎಂದು ನಾನು ಎಂದೋ ತೀರ್ಮಾನ ಬರೆದಿಟ್ಟುಕೊಂಡಿದ್ದೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ನಂಬುವುದಿಲ್ಲ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತಿದ್ದೆ.

ಮುಂಚೆ ನಮ್ಮಲ್ಲಿ ಡೈ ಬದಲಾಯಿಸುವುದು ವಾರಕ್ಕೆ ಒಂದೋ ಎರಡೋ ಸಲ. ಕೀಲು ಅಂದರೆ ವಾರವಿಡೀ ಕೀಲು. ಆಮೇಲೆ ಮೈಸೂರಿನ ಗಿರಾಕಿಗಳು ಒಂದೇ ಸಲ ರಾಶಿ ಬೇಡ, ವಾರದೊಳಗೆ ಎಲ್ಲ ಬಗೆಯದ್ದೂ ಸ್ವಲ್ಪ ಸ್ವಲ್ಪ ಕಳಿಸಿ ಎಂದರು. ಈಗ ದಿನಕ್ಕೊಂದು ಸಲ ಡೈ ಬದಲಾಗಬೇಕು, ಪ್ರತಿ ಸಲಕ್ಕೂ ಎರಡೂವರೆ ಗಂಟೆ ಪ್ರೆಸ್ಸು ಸುಮ್ಮನೆ ನಿಲ್ಲಬೇಕು. ಮಾಲೀಕರು ಕೆನ್ನೆಗೆ ಕೈ ಕೊಟ್ಟು ಕೂತರು. ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ಇದೇ ವಿಷಯಕ್ಕೆ ಎರಡು ದಿನದ ತರಬೇತಿ ಇದೆ ಎಂದು ಯಾರೋ ಹೇಳಿದರು. ಕಳಿಸಬೇಕಾದದ್ದು ಆಚಾರ್ರನ್ನು. ಹೋದದ್ದು ನಾನು.

ತರಬೇತಿಯಲ್ಲಿ ಊಟ ಚೆನ್ನಾಗಿತ್ತು. ಮೊದಲ ದಿನ ರೇಸ್ ಕಾರಿನ ಚಕ್ರ ಬದಲಾಯಿಸುವ ವಿಡಿಯೋ ತೋರಿಸಿದರು. ಹತ್ತಾರು ಜನ ಕಾರನ್ನು ಮುತ್ತಿಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೂ ಚಕ್ರ ಬದಲಾಯಿಸಿಬಿಟ್ಟರು. ನಮ್ಮೂರಲ್ಲಿ ಟ್ರಾಕ್ಟರಿಗೆ ಪಂಚರಾದರೂ ಹತ್ತಾರು ಜನ ಸೇರುತ್ತಾರೆ. ಒಬ್ಬ ಚಕ್ರ ಬಿಚ್ಚುತ್ತಾನೆ, ಉಳಿದವರು ಹೇಗೆ ಬಿಚ್ಚಬೇಕೆಂದು ಹೇಳುತ್ತಾರೆ. ಅಲ್ಲಿ ಕಲಿಸಿದ್ದರ ಸಾರ ಇಷ್ಟೇ: ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸವನ್ನು ಯಂತ್ರ ನಿಲ್ಲಿಸಿಕೊಂಡು ಮಾಡಬೇಡಿ. ಮುಂದಿನ ಡೈ, ಬೋಲ್ಟು, ಸ್ಪ್ಯಾನರು ಎಲ್ಲ ಮೊದಲೇ ಪಕ್ಕದಲ್ಲಿರಲಿ. ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಮೊದಲು ಅಳೆಯಿರಿ, ಆಮೇಲೆ ಕೈ ಹಾಕಿ. ಯಾವ ಗೃಹಿಣಿಗಾದರೂ ಗೊತ್ತಿರುವ ಮಾತು. ಒಲೆ ಹಚ್ಚಿ ಆಮೇಲೆ ಈರುಳ್ಳಿ ತರಲು ಅಂಗಡಿಗೆ ಹೋಗುವ ಹೆಂಗಸನ್ನು ನಾನು ನೋಡಿಲ್ಲ. ಆದರೆ ಅದನ್ನು ಪರದೆಯ ಮೇಲೆ ಬಣ್ಣಬಣ್ಣದಲ್ಲಿ ತೋರಿಸಿದಾಗ ನನಗೆ ಜ್ಞಾನೋದಯವಾದಂತಾಯಿತು. ಬರುವಾಗ ಒಂದು ಸ್ಟಾಪ್‌ವಾಚು ಕೊಂಡು ಕೊರಳಿಗೆ ನೇತು ಹಾಕಿಕೊಂಡು ಬಂದೆ.

ಅದನ್ನು ನೇತು ಹಾಕಿಕೊಂಡು ಶೆಡ್ಡಿನ ಎದುರಿನ ಹೋಟೆಲಿಗೆ ಇಡ್ಲಿಗೆ ಹೋದರೆ, ಇಡ್ಲಿ ಕೊಡುವಾತ "ಸ್ಕೂಲ್ಗೆ ಸೇರ್ಕೊಂಡ್ರಾ ಸಾ?" ಎಂದು ಕೇಳಿದ. ಅಂದಿನಿಂದ ಶೆಡ್ಡಿನಲ್ಲಿ ನನ್ನ ಬೆನ್ನ ಹಿಂದೆ ಪಿ.ಟಿ. ಮೇಷ್ಟ್ರು ಎಂದು ಹೆಸರಾಯಿತು. ಬೆನ್ನ ಹಿಂದೆ ಎಂದೆ, ಆದರೆ ಪ್ರೆಸ್ಸಿನ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕಾದ್ದರಿಂದ ನನಗೂ ಚೆನ್ನಾಗಿಯೇ ಕೇಳಿಸುತ್ತಿತ್ತು.

ಇದಕ್ಕೂ ಒಂದು ವರ್ಷದ ಹಿಂದೆ ನಾನು ಇನ್ನೊಂದು ಸುಧಾರಣೆ ಮಾಡಿದ್ದೆ. ಅದನ್ನೂ ಹೇಳಿಬಿಡಬೇಕು. ಆಗೆಲ್ಲ ಸ್ಪ್ಯಾನರು, ಬೋಲ್ಟು, ಡೈ ಕೆಳಗೆ ಎತ್ತರಕ್ಕೆ ಕೊಡುವ ಕಬ್ಬಿಣದ ಪಟ್ಟಿಗಳು ಎಲ್ಲ ಪ್ರೆಸ್ಸಿನ ಹಿಂದಿನ ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದವು. ನೋಡಲು ಗುಜರಿ ಅಂಗಡಿಯಂತಿತ್ತು. ಶಿಸ್ತು ಬೇಕೆಂದು ನಾನು ಒಂದು ಕಬ್ಬಿಣದ ಬೀರು ತರಿಸಿ, ಎಲ್ಲವನ್ನೂ ಅದರೊಳಗೆ ಜೋಡಿಸಿ, ಬೀಗ ಹಾಕಿ, ಕೀಯನ್ನು ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ. ಆಚಾರ್ರು ಒಂದೇ ಸಲ, "ಕೀ ಇಲ್ಲೇ ಇಟ್ಟೋಗ್ಲಾ, ಒಂದೊಂದ್ ಡೈಗೆ ಒಂದೊಂದ್ ಪಟ್ಟಿ ಬೇಕಾಯ್ತದೆ" ಎಂದಿದ್ದರು. ನಾನು ಅವರಿಗೆ ಶಿಸ್ತಿನ ಬಗ್ಗೆ ಕಾಲು ಗಂಟೆ ಮಾತಾಡಿದೆ. ಅವರು ಮತ್ತೆ ಕೇಳಲಿಲ್ಲ.

ಈಗ ಅಳತೆ ಶುರುವಾಯಿತು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಮ್ ಮಾಡಿದೆ. ಯಾವ ಕೆಲಸ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ಯಂತ್ರ ಸುಮ್ಮನೆ ನಿಂತಿದ್ದರೆ ಕಾರಣವೇನು. ಕಾರಣದ ಕಾಲಮ್ಮನ್ನು ಯಾವ ಕಾರಣಕ್ಕೂ ಖಾಲಿ ಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಬರೆಯುವ ಕೆಲಸ ಪ್ರೆಸ್ಸು ನಡೆಸುವ ಹೆಣ್ಣುಮಗಳದು. ಸಿಂಧಘಟ್ಟದಿಂದ ಮದುವೆಯಾಗಿ ಪಾಂಡವಪುರಕ್ಕೆ ಬಂದವಳು, ಅಕ್ಷರ ಮುತ್ತಿನಂತೆ. ನಾನು ಇರುವಷ್ಟು ಹೊತ್ತು ಸ್ಟಾಪ್‌ವಾಚು ಹಿಡಿದು ಹೇಳುತ್ತಿದ್ದೆ, ಆಕೆ ಬರೆಯುತ್ತಿದ್ದಳು. ನಾನು ಇಲ್ಲದಾಗ ಗೋಡೆ ಗಡಿಯಾರ ನೋಡಿಕೊಂಡು ಆಕೆಯೇ ಬರೆಯುತ್ತಿದ್ದಳು.

ಆಚಾರ್ರು ಎಷ್ಟು ಹೆಜ್ಜೆ ಹಾಕುತ್ತಾರೆ ಎಂದು ಎಣಿಸಿದೆ. ಅವರು ನಡೆಯಬೇಕಾದ ದಾರಿಯನ್ನು ನೆಲದ ಮೇಲೆ ಸುಣ್ಣದಲ್ಲಿ ಎಳೆದೆ. ಅದನ್ನು ನೋಡಿಕೊಂಡೇ ಹಿಂದಕ್ಕೆ ನಡೆದು ತಗಡಿನ ರಾಶಿಯ ಮೇಲೆ ಬಿದ್ದು ಮೊಣಕೈ ತರಚಿಕೊಂಡೆ. ಕುಂಕುಮ ಇಡುವುದಕ್ಕೆ ನಲವತ್ತು ಸೆಕೆಂಡ್ ಎಂದು ಬರೆಸಿದೆ. ಮರುದಿನ ಅವರಿಗೆ, ಪೂಜೆಯನ್ನು ಯಂತ್ರ ಓಡುತ್ತಿರುವಾಗಲೇ ಮಾಡಿ ಮುಗಿಸಬಹುದಲ್ಲ ಎಂದೆ. ಜಗಳ ಆಗುತ್ತದೆ ಎಂದುಕೊಂಡಿದ್ದೆ.

"ಆಗ್ಲಿ ಬುಡು. ಡೈ ಅಲ್ಲೇ ರ‍್ಯಾಕ್ನಲ್ಲಿದ್ದಾಗ್ಲೇ ಇಟ್ಬುಡ್ತೀನಿ. ದೇವ್ರಿಗೇನು, ಎಲ್ಲಿಟ್ರೂ ಒಂದೇಯ," ಎಂದರು.

ಅಷ್ಟೇ ಅಲ್ಲ, ಅವರೇ ಒಂದು ಉಪಾಯವನ್ನೂ ಹೇಳಿದರು. ನಮ್ಮ ಡೈಗಳು ಒಂದೊಂದೂ ಒಂದೊಂದು ಎತ್ತರ. ಅದರಿಂದಾಗಿ ಪ್ರತಿ ಸಲವೂ ಬೇರೆ ಬೋಲ್ಟು, ಬೇರೆ ಪಟ್ಟಿ ಹುಡುಕಬೇಕು, ಪ್ರೆಸ್ಸನ್ನು ಮೇಲೆ ಕೆಳಗೆ ಮಾಡಿ ಎತ್ತರ ಹೊಂದಿಸಬೇಕು. "ಎಲ್ಲ ಡೈಗೂ ತಳಕ್ಕೆ ಒಂದು ಪ್ಲೇಟು ಬೆಸ್ದು ಒಂದೇ ಎತ್ರ ಮಾಡ್ಬುಟ್ರೆ? ಒಂದೇ ಬೋಲ್ಟು ಎಲ್ಲಕ್ಕೂ ಆಯ್ತದೆ ಕಣ್ಲಾ," ಎಂದರು. ನಾನು ನಕ್ಕು, ಮೊದಲು ಅಧ್ಯಯನ, ಆಮೇಲೆ ಪರಿಹಾರ ಎಂದೆ. ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಕದ ಕೊನೆಯ ಪಾಠದಲ್ಲಿ ಇದೇ ಉಪಾಯ ಚಿತ್ರ ಸಮೇತ ಇತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಅಷ್ಟು ದೂರ ಓದಿರಲಿಲ್ಲ.

ನಮ್ಮಲ್ಲಿ ದಿನದ ಮಾಲು ಮುಗಿದು ಡೈ ಇಳಿಸುವ ಹೊತ್ತು ಸಾಮಾನ್ಯವಾಗಿ ನಾಲ್ಕು ಗಂಟೆ. ನಾನು ಹೊರಡುವಷ್ಟರಲ್ಲಿ ಹಳೆಯದು ಅರ್ಧ ಇಳಿದಿರುತ್ತಿತ್ತು. ಬೇಕಾದ್ದೆಲ್ಲ ತೆಗೆದುಕೊಂಡಿರಾ ಎಂದು ನಾನು ಕೇಳುತ್ತಿರಲಿಲ್ಲ. ಹಾಲು ಕರೆದು ಬಂದು ನೋಡಿದರೆ ಪ್ರೆಸ್ಸು ಬಾಯಿ ತೆರೆದುಕೊಂಡು ಹಾಗೇ ನಿಂತಿರುತ್ತಿತ್ತು. ಆಚಾರ್ರು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಮೊದಲ ದಿನ ಯಾಕೆ ಶುರು ಮಾಡಿಲ್ಲ ಎಂದು ಗದರಿದೆ.

"ರಾಹುಕಾಲ ಇತ್ತು ಬುಡು," ಎಂದರು.

ನೋಟ್‌ಬುಕ್ಕಿನಲ್ಲೂ ಮುತ್ತಿನಂಥ ಅಕ್ಷರದಲ್ಲಿ ಹಾಗೇ ಬರೆದಿತ್ತು. ಕಾರಣ: ರಾಹುಕಾಲ. ನನಗೆ ಒಳಗೊಳಗೆ ಖುಷಿಯಾಯಿತು. ನಾನು ಅಂದುಕೊಂಡದ್ದೇ ಸರಿ, ಶತ್ರು ಸಿಕ್ಕಿಬಿದ್ದ. ನಾನು ಬಂದದ್ದನ್ನು ನೋಡಿದ ಕೂಡಲೇ ಅವರು ಎದ್ದು, ಬೀರು ತೆಗೆಸಿ, ಕೆಲಸ ಶುರು ಮಾಡುತ್ತಿದ್ದರು. ನಾನು ಬರುವುದಕ್ಕೂ ರಾಹು ಹೋಗುವುದಕ್ಕೂ ದಿನಾ ಅಷ್ಟು ಸರಿಯಾಗಿ ಹೊಂದಿಕೆಯಾಗುವುದು ಹೇಗೆ ಎಂದು ಕೊರಳಲ್ಲಿ ಸ್ಟಾಪ್‌ವಾಚು ಹಾಕಿಕೊಂಡಿದ್ದ ನನಗೆ ಒಂದು ಸಲವೂ ಅನ್ನಿಸಲಿಲ್ಲ. ನಂಬುವುದು ನನಗೆ ಅನುಕೂಲವಾಗಿತ್ತು.

ಮೂರು ವಾರ ಅಳೆದು ಒಂದು ದೊಡ್ಡ ಹಾಳೆಯ ಮೇಲೆ ದಿನದಿನದ ಹೊತ್ತಿನ ನಕ್ಷೆ ಬರೆದೆ. ಬಣ್ಣಕ್ಕೆ ಮಗಳ ಸ್ಕೆಚ್ ಪೆನ್ನುಗಳನ್ನು ಕೇಳದೆ ತಂದೆ. ಡೈ ಇಳಿಸುವುದು ಹಸಿರು, ಕಟ್ಟುವುದು ನೀಲಿ, ಎತ್ತರ ಹೊಂದಿಸುವುದು ಹಳದಿ. ರಾಹುಕಾಲಕ್ಕೆ ಕೆಂಪು. ಕೆಂಪು ಎಷ್ಟಿತ್ತೆಂದರೆ ಪೆನ್ನಿನ ಶಾಯಿ ಮುಗಿದು ಕೊನೆಯ ಎರಡು ದಿನದ್ದನ್ನು ಹೆಂಡತಿಯ ಉಗುರು ಬಣ್ಣದಲ್ಲಿ ಮುಗಿಸಿದೆ.

ಒಂದು ಶನಿವಾರ ಬೆಳಿಗ್ಗೆ ಅದನ್ನು ಸುತ್ತಿಕೊಂಡು ಮಾಲೀಕರ ರೂಮಿಗೆ ಹೋದೆ. ಹಾಳೆ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಎರಡೂವರೆ ಗಂಟೆಯಲ್ಲಿ ಒಂದೂಕಾಲು ಗಂಟೆ ಬರೀ ಮೂಢನಂಬಿಕೆಗೆ ಹೋಗುತ್ತಿದೆ ಸಾರ್ ಎಂದೆ. ಇದನ್ನೆಲ್ಲ ನಂಬದ, ಐಟಿಐ ಓದಿದ ಒಬ್ಬರನ್ನು ತಂದರೆ ಸಮಸ್ಯೆ ಅರ್ಧಕ್ಕರ್ಧ ಮುಗಿದ ಹಾಗೆ ಎಂದೂ ಸೇರಿಸಿದೆ. ಈ ಮಾತು ನಾನೇ ಆಡಿದ್ದು, ಯಾರೂ ನನ್ನ ಬಾಯಿಂದ ಆಡಿಸಿದ್ದಲ್ಲ.

ಮಾಲೀಕರು ಹಾಳೆಯನ್ನು ನೋಡಿದರು. ನೋಟ್‌ಬುಕ್ಕು ಕೇಳಿ ಇಸಿದುಕೊಂಡು ಪುಟ ತಿರುವಿದರು. ತಲೆಯೆತ್ತಿ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನೋಡಿದರು. ಮತ್ತೆ ನೋಟ್‌ಬುಕ್ಕು ನೋಡಿದರು. ನನಗೆ ಮರೆತೇಹೋಗಿದ್ದ ಸಂಗತಿ ಏನೆಂದರೆ, ಅವರು ರಾಹುಕಾಲದಲ್ಲಿ ಮನೆಯ ಹೊಸಿಲು ದಾಟುವವರಲ್ಲ.

"ಗುರುವಾರ ಸಾಯಂಕಾಲ ನಾಲ್ಕೂವರೆಗೆ ಅದ್ಯಾವ ರಾಹುಕಾಲ ಕಣಯ್ಯಾ?" ಎಂದರು. "ಗುರುವಾರದ್ದು ಒಂದೂವರೆಗೆ ಬಂದು ಮೂರಕ್ಕೆ ಮುಗಿದೋಗುತ್ತೆ. ಶುಕ್ರವಾರದ್ದು ಬೆಳಿಗ್ಗೇನೇ. ಇಲ್ಲಿ ಶುಕ್ರವಾರವೂ ನಾಲ್ಕೂವರೆ, ಬುಧವಾರವೂ ನಾಲ್ಕೂವರೆ. ನಾಲ್ಕೂವರೆಗೆ ರಾಹುಕಾಲ ಬರೋದು ಭಾನುವಾರ ಒಂದೇ ದಿನ. ಭಾನುವಾರ ನಾವು ಶೆಡ್ಡೇ ತೆಗೆಯಲ್ವಲ್ಲಪ್ಪ."

ನಾನು ನಂಬದವನು, ಹಾಗಾಗಿ ರಾಹುಕಾಲ ಯಾವತ್ತು ಎಷ್ಟು ಹೊತ್ತಿಗೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಕ್ಯಾಲೆಂಡರ್ ನೇತು ಹಾಕಿರುವ ಪ್ರತಿ ಮನೆಯವರಿಗೂ ಗೊತ್ತಿರುವ ವಿಷಯ. ಆಚಾರ್ರಿಗಂತೂ ಬಾಯಿಪಾಠ. ನಾಲ್ಕೂವರೆ, ನಾಲ್ಕೂವರೆ ಎಂದು ಮಾಲೀಕರು ಬೆರಳಿಟ್ಟು ಓದುತ್ತಿರುವಾಗ ನನ್ನ ಉಡಿದಾರದ ಕೀ ಸೊಂಟಕ್ಕೆ ಒತ್ತತೊಡಗಿತು. ಆ ಹೊತ್ತಿನಲ್ಲಿ ದಿನಾ ನಾನು ಎಲ್ಲಿ, ಯಾರ ಕೆಚ್ಚಲ ಕೆಳಗೆ ಕೂತಿರುತ್ತೇನೆ ಎಂಬುದು ನೆನಪಾಯಿತು.

ಮಾಲೀಕರು ಆಚಾರ್ರನ್ನು ಕರೆಸಿದರು. ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಬಂದು ಬಾಗಿಲ ಹತ್ತಿರ ನಿಂತರು. ಮಾಲೀಕರು ಬೈಯಲಿಲ್ಲ, ಮೆತ್ತಗೇ ಕೇಳಿದರು. ಏನು ಆಚಾರ್ರೇ, ದಿನಾ ಸಂಜೆ ಇಲ್ಲದ ರಾಹುಕಾಲ ಹೇಳಿ ಕೂತಿದ್ದೀರಂತಲ್ಲ, ನಿಜವೇ? ಆಚಾರ್ರು ನೋಟ್‌ಬುಕ್ಕಿನ ಕಡೆ ನೋಡಿದರು, ನನ್ನ ಹಾಳೆಯ ಕೆಂಪು ಬಣ್ಣದ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ತುಂಬ ಹೊತ್ತೇನಲ್ಲ. ನಾನು ಕಣ್ಣು ತಪ್ಪಿಸಿ ಕ್ಯಾಲೆಂಡರಿನ ದೇವರನ್ನು ನೋಡಿದೆ.

"ವಯಸ್ಸಾಯ್ತಲ್ಲ ಸ್ವಾಮಿ," ಎಂದರು ಆಚಾರ್ರು. "ವಾರ ತಿಥಿ ನೆಪ್ಪಿರಾಕಿಲ್ಲ. ಲೆಕ್ಕ ತಪ್ಪೋಯ್ತದೆ."

ಮಾಲೀಕರು ನಿಟ್ಟುಸಿರು ಬಿಟ್ಟರು. ನೆಪ್ಪಿರುವುದಿಲ್ಲ ಅಂದರೆ ಪ್ರೆಸ್ಸಿನ ಹತ್ತಿರ ಕೆಲಸ ಅಪಾಯ, ನಾಳೆ ಕೈಗೆ ಏನಾದರೂ ಆದರೆ ಕಷ್ಟ. ಮುಂದಿನ ತಿಂಗಳಿಂದ ಡೈ ಕಟ್ಟಲು ಬೇರೆಯವರನ್ನು ನೋಡುತ್ತೇನೆ, ನೀವು ಊರಲ್ಲಿ ಆರಾಮಾಗಿರಿ ಎಂದರು. ಆಚಾರ್ರು "ಆಗ್ಲಿ ಸ್ವಾಮಿ" ಎಂದರು.

ಆಗ ನಾನು ಮಾತಾಡಬೇಕಿತ್ತು. ಬಾಯಿ ತೆರೆದೆ ಕೂಡ. ಇಬ್ಬರೂ ನನ್ನ ಕಡೆ ತಿರುಗಿದರು.

"ಟೀ ತರಿಸ್ಲಾ ಸಾರ್?" ಎಂದೆ.

ಟೀ ಬಂತು. ಆಚಾರ್ರು ಅಷ್ಟರಲ್ಲಿ ಹೋಗಿದ್ದರು. ಅವರ ಪಾಲಿನ ಟೀಯನ್ನೂ ನಾನೇ ಕುಡಿದೆ.

ಹೊರಗೆ ಬಂದು ನೋಟ್‌ಬುಕ್ಕು ಬರೆಯುವ ಹೆಣ್ಣುಮಗಳನ್ನು ಹಿಡಿದೆ. ಯಾಕಮ್ಮ ಹೀಗೆ ಬರೆದೆ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಾರಣ ಖಾಲಿ ಬುಡಬ್ಯಾಡ ಅಂದೋರು ನೀವೇ ತಾನೇ ಸಾ? ಬೀರುಗೆ ಬೀಗ ಅದೆ, ಕೀ ನಿಮ್ತಾವು ಅದೆ, ನೀವು ಹಾಲು ಕರೆಯಾಕ್ ಹೋಗಿದ್ದೀರಿ. ಅದ್ನೇ ಬರೀಲಾ ಆಚಾರ್ರೇ ಅಂತ ಕೇಳ್ದೆ. ಅವ್ನ ಅನ್ನಕ್ಕೆ ಕಲ್ಲು ಹಾಕಬ್ಯಾಡ ಕಣವ್ವ, ರಾಹುಕಾಲ ಅಂತ ಬರ್ಕೊ ಅಂದ್ರು. ನಾನ್ ಬರ್ದೆ," ಎಂದಳು. ಹೇಳಿ ಪ್ರೆಸ್ಸಿನ ಕಡೆ ತಿರುಗಿ ಕೂತಳು.

ಆ ಸಂಜೆ ಹಸು ಕೂಡ ಸರಿಯಾಗಿ ಸೊರ ಬಿಡಲಿಲ್ಲ, ನನ್ನ ಕೈ ಅಷ್ಟು ತಣ್ಣಗಿತ್ತು. ನನ್ನ ಮೇಲೆ ನನಗೆ ಅಸಹ್ಯವಾಗುತ್ತಿತ್ತು. ಆದರೆ ಅಸಹ್ಯವಾದ ಮಾತ್ರಕ್ಕೆ ಧೈರ್ಯ ಬಂದುಬಿಡುವುದಿಲ್ಲ. ಸೋಮವಾರ ಹೇಳುತ್ತೇನೆ ಎಂದುಕೊಂಡೆ. ಸೋಮವಾರ ಮಾಲೀಕರ ಮುಖ ಗಂಟಾಗಿತ್ತು. ಮಂಗಳವಾರ ಅವರು ಬರಲಿಲ್ಲ. ಬುಧವಾರ ಬಂದರು, ನಗುತ್ತಿದ್ದರು, ಒಳ್ಳೆಯ ಹೊತ್ತಿನಲ್ಲಿ ಯಾಕೆ ಕೆಡಿಸಬೇಕು ಎನ್ನಿಸಿತು. ಹೀಗೆ ಒಂಬತ್ತು ದಿನ ಹೋಯಿತು. ಈ ನಡುವೆ, ಅವರು ಹೇಳಿದರೆಂದು, ಕೆ.ಆರ್. ಪೇಟೆಯ ಕಡೆಯ ಒಬ್ಬ ಡೈ ಕಟ್ಟುವವನಿಗೆ ನಾನೇ ಫೋನು ಮಾಡಿ ಬರಲು ಆಗುತ್ತದೆಯೇ ಎಂದೂ ಕೇಳಿದೆ. ಕೀಯನ್ನು ಮಾತ್ರ ನಾಲ್ಕೂವರೆಗೆ ಪ್ರೆಸ್ಸಿನ ಮೇಲೆ ಇಟ್ಟು ಹೋಗತೊಡಗಿದ್ದೆ. ಅದನ್ನೂ ಯಾರಿಗೂ ಏನೂ ಹೇಳದೆ, ಮರೆತು ಬಿಟ್ಟುಹೋದವನ ಹಾಗೆ. ಆಚಾರ್ರು ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದರು. ಏನ್ಲಾ ಇಲ್ಲ, ಏನಪ್ಪ ಕೂಡ ಇಲ್ಲ.

ಹತ್ತನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶೆಡ್ಡಿನ ಹಿಂದಿನಿಂದ ವೆಲ್ಡಿಂಗ್ ಬೆಳಕು ಬರುತ್ತಿತ್ತು. ಹೋಗಿ ನೋಡಿದರೆ ಆಚಾರ್ರು ಒಬ್ಬರೇ ಕುಕ್ಕರಗಾಲಲ್ಲಿ ಕೂತು ಕ್ಲಾಂಪಿನ ಡೈ ತಳಕ್ಕೆ ಪ್ಲೇಟು ಬೆಸೆಯುತ್ತಿದ್ದರು. ಪಕ್ಕದಲ್ಲಿ ಇನ್ನೂ ಮೂರು ಡೈ ಬೆಸೆದು ಮುಗಿಸಿಟ್ಟಿದ್ದರು, ಎಲ್ಲವೂ ಒಂದೇ ಎತ್ತರ. ಗುಜರಿಗೆ ಹೋಗಬೇಕಾದ ತುಂಡುಗಳನ್ನೇ ಆರಿಸಿ, ಉಜ್ಜಿ, ಮಟ್ಟ ನೋಡಿ ಇಟ್ಟಿದ್ದರು. ಅವರ ಊಟದ ಡಬ್ಬಿ ತೆರೆಯದೆ ಕೂತಿತ್ತು. ಯಾಕೆ ಆಚಾರ್ರೇ ಇದು, ಈಗ, ಎಂದೆ.

"ಬರೋನು ಹೊಸಬ. ಯಾವ ಡೈಗೆ ಎಷ್ಟು ಎತ್ರ ಅಂತ ಅವನ್ಗೆ ಗೊತ್ತಾಗಾಕಿಲ್ಲ," ಎಂದು ಮುಖಕ್ಕೆ ಗಾಜು ಹಿಡಿದುಕೊಂಡರು. ಮತ್ತೆ ಬೆಳಕು ಹತ್ತಿತು. ನಾನು ಮುಖ ತಿರುಗಿಸಿಕೊಂಡೆ.

ಕಣ್ಣಲ್ಲಿ ನೀರು ಬಂದದ್ದು ವೆಲ್ಡಿಂಗಿಗೆ ಎಂದು ಬರೆಯಬಹುದಿತ್ತು. ಅಲ್ಲ. ನನ್ನಿಂದ ಕೆಲಸ ಕಳೆದುಕೊಂಡವರು, ಅವರ ಜಾಗಕ್ಕೆ ಬರುವ ಯಾರೋ ಒಬ್ಬನಿಗೆ ಕಷ್ಟವಾಗಬಾರದೆಂದು ಊಟ ಬಿಟ್ಟು ದುಡಿಯುತ್ತಿದ್ದರು. ನಾನು ಸೀದಾ ಪ್ರೆಸ್ಸಿನ ಹತ್ತಿರ ಹೋಗಿ ನೋಟ್‌ಬುಕ್ಕು ತೆಗೆದುಕೊಂಡೆ. ರಾಹುಕಾಲ ಎಂದು ಇದ್ದ ಕಡೆಯಲ್ಲೆಲ್ಲ ಒಂದು ಗೆರೆ ಹೊಡೆದು, ಪಕ್ಕದಲ್ಲಿ ನನ್ನ ಕೋಳಿಕಾಲು ಅಕ್ಷರದಲ್ಲಿ ಬರೆಯುತ್ತ ಹೋದೆ: ಸೂಪರ್‌ವೈಸರ್ ಹಾಲು ಕರೆಯಲು ಹೋಗಿದ್ದಾನೆ, ಕೀ ಅವನ ಹತ್ತಿರ. ಮೂರು ವಾರದ್ದು. ಬರೆದು ಬರೆದು ಕೈ ನೋಯಿತು. ಕೊನೆಯ ಪುಟಗಳಿಗೆ ಬರುವಷ್ಟರಲ್ಲಿ ಬರೀ "ಹಾಲು" ಎಂದು ಬರೆದು ಸಹಿ ಹಾಕತೊಡಗಿದೆ.

ಮರುದಿನ ಬೆಳಿಗ್ಗೆ ಅದನ್ನು ಮಾಲೀಕರ ಮುಂದೆ ಇಟ್ಟೆ. ಅವರು ಒಂದೆರಡು ಪುಟ ಓದುವಷ್ಟರಲ್ಲಿ ನಗು ತಡೆಯಲಾರದೆ ಕೆಮ್ಮಿದರು. ಬೇರೆಯವರು ಕರೆದರೆ ಒದೆಯುತ್ತಾ, ಎಷ್ಟು ಲೀಟರು ಕೊಡುತ್ತೆ ಎಂದೆಲ್ಲ ಕೇಳಿದರು. ನಾನು ಹೇಳಿದೆ. ಆಮೇಲೆ ನಗು ನಿಂತಿತು. ನೋಟ್‌ಬುಕ್ಕು ಮುಚ್ಚಿದರು.

"ಅವತ್ತು ಆ ಮನುಷ್ಯ ನಿನ್ನ ಮುಂದೆ ನಿಂತು, ನನಗೆ ನೆಪ್ಪಿಲ್ಲ ಅಂದ್ರು. ನೀನು ಟೀ ತರಿಸ್ಲಾ ಅಂದೆ," ಎಂದರು. "ನನ್ನ ಬಾಯಿಂದ ಏನು ಮಾತು ಆಡಿಸಿಬಿಟ್ಟೆಯಲ್ಲಯ್ಯಾ ನೀನು."

ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೆ. ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ನಾನು ಇವತ್ತಿಗೂ ಕೇಳಿಲ್ಲ; ಕೇಳಿದರೆ ನೆನಪು ಮಾಡಿಕೊಟ್ಟಂತಾಗುತ್ತದೆ ಎಂಬ ಹೆದರಿಕೆ. ಅವರೇ ಎದ್ದು ಶೆಡ್ಡಿನೊಳಗೆ ಬಂದು, ಎಲ್ಲರ ಎದುರಿಗೆ ಆಚಾರ್ರ ಕೈ ಹಿಡಿದುಕೊಂಡು, ನನ್ನದು ತಪ್ಪಾಯಿತು, ನೀವು ಎಲ್ಲೂ ಹೋಗಕೂಡದು ಎಂದರು. ಆಚಾರ್ರು ಮುಜುಗರದಿಂದ ಕೈ ಬಿಡಿಸಿಕೊಂಡು, ಗ್ರೀಸು ಅಂಟುತ್ತದೆ ಸ್ವಾಮಿ ಎಂದರು. ಇರ್ತೀನಿ ಎಂದಾಗಲಿ ಹೋಗ್ತೀನಿ ಎಂದಾಗಲಿ ಹೇಳಲಿಲ್ಲ.

ಮಾಲೀಕರು ಹೋದ ಮೇಲೆ ನಾವಿಬ್ಬರೇ ಪ್ರೆಸ್ಸಿನ ಹತ್ತಿರ ಉಳಿದೆವು. ನಾನು ಬೀರಿನಲ್ಲಿದ್ದ ಸ್ಪ್ಯಾನರುಗಳನ್ನೆಲ್ಲ ಹೊತ್ತು ತಂದು ಹಳೆಯ ಮೊಳೆಗಳಿಗೆ ಒಂದೊಂದಾಗಿ ನೇತು ಹಾಕತೊಡಗಿದೆ. ಯಾವುದು ಯಾವ ಮೊಳೆಗೆ ಎಂದು ಗೊತ್ತಾಗದೆ ಕೈ ತಡೆಯಿತು. ಅವರು ತೋರಿಸಲಿಲ್ಲ. ಕೊನೆಗೆ ನಾನೇ ಕೇಳಿದೆ. ಆಚಾರ್ರೇ, ಮೂರು ವಾರ ದಿನಾ ಒಂದೂಕಾಲು ಗಂಟೆ ನನಗೋಸ್ಕರ ಸ್ಟೂಲಿನ ಮೇಲೆ ಕೂತು ಕಾದಿರಲ್ಲ, ಒಂದು ದಿನವಾದರೂ ನನಗೆ ಉಗಿಯಬಾರದಿತ್ತೇ?

ಅವರು ಬೋಲ್ಟೊಂದನ್ನು ಎತ್ತಿ ಬಟ್ಟೆಯಲ್ಲಿ ಒರೆಸಿದರು.

"ಅದು ಕಾಯೋದೇನ್ ದೊಡ್ದಲ್ಲ ಕಣಪ್ಪ," ಎಂದರು. "ಮನೇಲಿ ಹಸ ಇದ್ದೋನ್ಗೆ ಆ ಹೊತ್ನಲ್ಲಿ ಓಗ್ಲೇಬೇಕಾಯ್ತದೆ, ನಂಗೇನ್ ಗೊತ್ತಿಲ್ವಾ. ಆ ರೂಮ್ನಲ್ಲಿ ನೀನ್ ಬಾಯ್ ಬುಡ್ಲಿಲ್ಲ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಿಂತಿದ್ದೆ. ಹೊರಗ್ ಬಂದ್ಮ್ಯಾಲೂ ಬಾಗ್ಲತ್ರ ಒಸಿ ಹೊತ್ತು ನಿಂತಿದ್ದೆ. ಅದೊಂದು ಕಾಯೋದು ಮಾತ್ರ ತಡ್ಕಳಾಕಾಗ್ಲಿಲ್ಲ ನನ್ಗೆ."

ಕ್ಷಮಿಸಿ ಎಂದು ಬಾಯಿಗೆ ಬಂತು, ಆದರೆ ಬಾಗಿಲ ಹೊರಗೆ ಅವರು ನಿಂತಿದ್ದ ಆ ಹೊತ್ತಿನಲ್ಲಿ ನಾನು ಒಳಗೆ ಕೂತು ಅವರ ಟೀ ಕುಡಿಯುತ್ತಿದ್ದೆ ಎಂಬುದು ನೆನಪಾಗಿ ಮಾತು ಅಲ್ಲೇ ನಿಂತಿತು. ಅವರೂ ಆ ಮಾತನ್ನು ಕಾಯುತ್ತಿರಲಿಲ್ಲ ಎನ್ನಿಸುತ್ತದೆ. ರ‍್ಯಾಕಿನ ಹತ್ತಿರ ಹೋಗಿ, ಹೊಸದಾಗಿ ಪ್ಲೇಟು ಬೆಸೆದ ಡೈಗೆ ಒಂದು ಬೊಟ್ಟು ಕುಂಕುಮ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರ ಒಂದು ತುದಿಗೆ ಕೈ ಹಾಕಿದರು. ಇನ್ನೊಂದು ತುದಿಗೆ ಯಾರೂ ಇರಲಿಲ್ಲ. ಅವರು ನನ್ನನ್ನು ಕರೆಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಾನು ಹೋಗಿ ಹಿಡಿದೆ.